ಪಠ್ಯದಿಂದ ಹೊರಬಿದ್ದ ಪಾಲಿಮರ್: ಉದ್ಯಮ ಸುಮ್ಮನಿರಬೇಕೆ?

ಪಠ್ಯಭಾರ ಇಳಿಸಲೆಂದು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು 2022ರಲ್ಲಿ ಹನ್ನೆರಡನೆಯ ತರಗತಿಯ ರಸಾಯನಶಾಸ್ತ್ರದಿಂದ ಕೈಬಿಟ್ಟ ಅಧ್ಯಾಯಗಳಲ್ಲಿ ಪಾಲಿಮರ್‌ಗಳದೂ ಒಂದು. ಅದೇ ಪಠ್ಯವನ್ನು ಅನುಸರಿಸುವ ನಮ್ಮ ದ್ವಿತೀಯ ಪಿಯುಸಿಯಿಂದಲೂ ಅದು ಹೊರಬಿದ್ದಿತು. ಪ್ಲಾಸ್ಟಿಕ್ ಉದ್ಯಮವನ್ನೇ ನಂಬಿರುವ ನಮ್ಮ ಸದಸ್ಯರು ಇದನ್ನು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಘಟಕದಲ್ಲಿ, ವಿಜ್ಞಾನ ಓದಿ ಬಂದಿದ್ದ ಯುವಕನೊಬ್ಬ ಸಮಯ ಉಳಿಸಲೆಂದು ಪೆಟ್ ಗ್ರಾನ್ಯೂಲ್‌ಗಳನ್ನು ಒಣಗಿಸದೆಯೇ ಯಂತ್ರಕ್ಕೆ ಸುರಿದ. ಹೊರಬಂದ ಜಾಡಿಗಳು ನೋಡಲು ಚೆನ್ನಾಗಿಯೇ ಇದ್ದವು. ಕೆಳಗೆ ಬಿದ್ದರೆ ಒಡೆಯುತ್ತಿದ್ದವು. ಒಂದು ಪಾಳಿಯ ಮಾಲು ಪೂರ್ತಿ ಹಾಳಾಯಿತು. ಒಣಗಿಸಬೇಕೆಂಬ ನಿಯಮವನ್ನು ಆತ ಬಲ್ಲ, ಏಕೆಂಬುದನ್ನು ಅರಿಯ. ಕರಗಿದ ಪೆಟ್‌ನಲ್ಲಿ ಅಲ್ಪಸ್ವಲ್ಪ ತೇವವಿದ್ದರೂ ನೀರು ಅಣುಸರಪಳಿಯ ಎಸ್ಟರ್ ಕೊಂಡಿಗಳನ್ನು ಕಡಿಯುತ್ತದೆ. ಸರಪಳಿ ಗಿಡ್ಡವಾದಷ್ಟೂ ಪದಾರ್ಥದ ಬಲ ಕುಗ್ಗುತ್ತದೆ. ಕಾರಣವನ್ನು ವಿವರಿಸದಿದ್ದ ತಪ್ಪು ನನ್ನದೂ ಹೌದು.

ಆತ ಓದುವಾಗ ಆ ಅಧ್ಯಾಯ ಪಠ್ಯದಲ್ಲಿಯೇ ಇತ್ತೆಂಬುದನ್ನು ಮರೆಯಲಾಗದು. ಹೆಸರು, ಮಾನೋಮರ್, ಉಪಯೋಗ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಅಧ್ಯಾಯವಿದ್ದೂ ಇಲ್ಲದಂತೆಯೇ. ಆದುದರಿಂದ ಅದು ಮರಳಿ ಬರಲಿ ಎಂಬ ಮನವಿಯೊಂದೇ ಸಾಲದು.

ಕಲಿಸುವುದಕ್ಕೆ ಪಾಲಿಎಥಿಲೀನ್ ಒಂದೇ ಸಾಕು. ಇಂಗ್ಲೆಂಡಿನ ಐಸಿಐ ಪ್ರಯೋಗಾಲಯದಲ್ಲಿ 1933ರಲ್ಲಿ ಅತಿ ಹೆಚ್ಚಿನ ಒತ್ತಡದಲ್ಲಿ ದೊರೆತ ಪಾಲಿಎಥಿಲೀನ್‌ನ ಸರಪಳಿಗಳಲ್ಲಿ ಕವಲುಗಳು ಹೇರಳ. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ವೇಗವರ್ಧಕದ ನೆರವಿನಿಂದ ಕಡಿಮೆ ಒತ್ತಡದಲ್ಲಿಯೇ ಬಹುತೇಕ ನೇರವಾದ ಸರಪಳಿಗಳನ್ನು ಪಡೆದರು. ಕಬ್ಬಿನ ಜಲ್ಲೆಗಳನ್ನು ಹೊರೆ ಕಟ್ಟಿದರೆ ಒತ್ತಾಗಿ ಕೂರುತ್ತವೆ; ಜಾಲಿಯ ಕೊಂಬೆಗಳನ್ನು ಎಷ್ಟು ಬಿಗಿದರೂ ನಡುವೆ ಸಂದು ಉಳಿಯುತ್ತದೆ. ಅಣುಗಳದೂ ಇದೇ ಪಾಡು. ಕವಲೊಡೆದದ್ದು ಮೃದು, ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನೇರವಾದದ್ದು ಗಡುಸು, ಸುಮಾರು 130 ಡಿಗ್ರಿ ಬೇಕು. ಎರಡರಲ್ಲಿಯೂ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ನೀರಿನ ಬಾಟಲಿಯನ್ನೂ ಅದರ ಮುಚ್ಚಳವನ್ನೂ ಕತ್ತರಿಸಿ ಬಕೆಟ್ಟಿಗೆ ಹಾಕಿದರೆ ಪೆಟ್ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಮರುಬಳಕೆಯ ಘಟಕಗಳು ಬೇರ್ಪಡಿಸುವುದೂ ಹೀಗೆಯೇ.

ಮೈಸೂರಿನ ಸಿಪೆಟ್ ಕೇಂದ್ರ ತನಗೆ ಬಂದವರಿಗೆ ಇದನ್ನೆಲ್ಲ ಕಲಿಸುತ್ತದೆ. ಆದರೆ ನಮ್ಮ ಸಣ್ಣ ಘಟಕಗಳಿಗೆ ಬರುವ ಹುಡುಗರಲ್ಲಿ ಹೆಚ್ಚಿನವರು ಅಲ್ಲಿಗೆ ಹೋದವರಲ್ಲ. ಸದಸ್ಯರು ತಮ್ಮೂರಿನ ಪ್ರೌಢಶಾಲೆ, ಕಾಲೇಜುಗಳಿಗೆ ಹೆಸರು ಬರೆದ ನಾಲ್ಕಾರು ಬಗೆಯ ಗ್ರಾನ್ಯೂಲ್‌ಗಳನ್ನೂ, ಕೆಟ್ಟುಹೋದ ಮಾಲಿನ ಮಾದರಿಗಳನ್ನೂ ಕಳುಹಿಸಲಿ. ಕೆಟ್ಟ ಮಾಲು ತೋರಿಸಲು ನಮಗೆ ಸಂಕೋಚವಿದೆ, ನಿಜ. ಆದರೆ ಪಾಠಕ್ಕೆ ಹೆಚ್ಚು ಒದಗುವುದು ಅದೇ. ವರ್ಷಕ್ಕೊಮ್ಮೆ ಅಧ್ಯಾಪಕರನ್ನು ಘಟಕಕ್ಕೂ ಕರೆಯೋಣ. ನಮ್ಮಲ್ಲಿಗೆ ಬಂದವರಿಗೆ ನಾನು ಮೊದಲು ತೋರಿಸುವುದು ಪೆಟ್ ಒಣಗಿಸುವ ಡ್ರೈಯರ್ ಅನ್ನು.