ಅನಕ್ಷರಸ್ಥೆ ಎಂದು ಬರೆದುಕೊಂಡರು

"ಕೊಡಗಿನವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಎಲ್ಲಿ ಹೋದರೂ ಬದುಕಿಕೊಳ್ಳುತ್ತಾರೆ" ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. 30 ವರ್ಷ ನರ್ಸ್ ಆಗಿ ದುಡಿದವಳು ನಾನು. ಕಾನ್ವೆಂಟಿನ ಇಂಗ್ಲಿಷ್ ನನಗೆ ಕೆಲಸ ಕೊಡಿಸಿತು, ಒಪ್ಪುತ್ತೇನೆ. ಆ ಕೆಲಸ ಮಾಡಲು ಕಲಿಸಿದ್ದು ಮಾತ್ರ ನಮ್ಮ ಮನೆಯೆದುರಿನ ಕಾಫಿ ಕಣ.

ಮನೆಯೊಳಗೆ ಕೊಡವ ತಕ್ಕ್, ಲೈನ್ ಮನೆಗಳಲ್ಲಿ ಎರವರ ಮಾತು, ತುಳು, ತಮಿಳು, ಸಂತೆಯಲ್ಲಿ ಮಲಯಾಳ. ಇದನ್ನು ಯಾರೂ ವಿದ್ಯೆ ಎನ್ನಲಿಲ್ಲ. "ಆಳುಗಳ ಮಾತು ನಿನಗೇಕೆ?" ಎಂದು ಗದರಿದವರೇ ಹೆಚ್ಚು. ಶಾಲೆಯ ಕನ್ನಡವಂತೂ ನಮಗೆ ಹೊರಗಿನದಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. 1924ರಲ್ಲೇ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಕೂಡಿಸಿ 'ಪಟ್ಟೋಲೆ ಪಳಮೆ'ಯನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ್ದರು.

ಬಯಲುಸೀಮೆಯಿಂದ ಬಂದ ಡಾಕ್ಟರು ಕೊಡವ ಮುದುಕರೊಬ್ಬರನ್ನು ಕೇಳುತ್ತಾರೆ: ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇತ್ತು? "ತಾಯಿಗೆ" ಎನ್ನುತ್ತಾರೆ ಅವರು. ಡಾಕ್ಟರು ಬರೆದುಕೊಳ್ಳುತ್ತಾರೆ. ಕೊಡವ ತಕ್ಕ್‌ನಲ್ಲಿ ತಾಯಿ ಎಂದರೆ ಅಜ್ಜಿ, ಹೆತ್ತವಳು ಅವ್ವ! ಒಂದು ತಲೆಮಾರೇ ತಪ್ಪಿಹೋಯಿತು. ಇದನ್ನು ತಿದ್ದುವುದು ಯಾವ ನರ್ಸಿಂಗ್ ಪುಸ್ತಕದಲ್ಲಿದೆ, ಹೇಳಿ?

ನನ್ನನ್ನು ನಾನು ಹೊಗಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನನಗಿಂತ ಹೆಚ್ಚು ಬಲ್ಲವಳು ನಮ್ಮ ವಾರ್ಡಿನ ಆಯಾ, ಎರವರ ಹೆಣ್ಣು. ಹೆರಿಗೆ ನೋವು ಏರಿದಾಗ ಹೆಂಗಸು ತನ್ನ ಮನೆಮಾತಿಗೇ ತಿರುಗುತ್ತಾಳೆ. ಆಗ ಡಾಕ್ಟರು ಕೂಗುತ್ತಿದ್ದುದು ನನ್ನನ್ನಲ್ಲ, ಅವಳನ್ನು. ಐದು ಭಾಷೆಗಳಲ್ಲಿ ಧೈರ್ಯ ಹೇಳುತ್ತಿದ್ದಳು. ಅವಳ ಕಾಗದದಲ್ಲಿ ಇದ್ದುದು 'ಅನಕ್ಷರಸ್ಥೆ' ಎಂಬ ಒಂದೇ ಪದ. ಇಬ್ಬರೂ ಬೆಳೆದದ್ದು ಇಂಥದೇ ತೋಟಗಳಲ್ಲಿ, ನಾನು ಮನೆಯಲ್ಲಿ, ಅವಳು ಲೈನಿನಲ್ಲಿ. ನನ್ನ ಕೈಗೆ ಸರ್ಟಿಫಿಕೇಟು ಬಂತು, ನನ್ನ ಭಾಷೆಗಳು 'ಅನುಭವ' ಎನಿಸಿದವು. ಅವಳ ಭಾಷೆಗಳು ಬಿಟ್ಟಿ ಚಾಕರಿಯಾದವು. ಅದಕ್ಕೆಂದು ಒಂದು ರೂಪಾಯಿ ಹೆಚ್ಚು ಕೊಟ್ಟವರಿಲ್ಲ. ಬೆಡ್‌ಪ್ಯಾನ್ ಎತ್ತಿದ್ದಕ್ಕೆ ಸಂಬಳ, ಜೀವ ಉಳಿಸುವ ಮಾತಿಗೆ ಏನೂ ಇಲ್ಲ.

ಇತ್ತ ನಮ್ಮ ಪೇಟೆಯ ಅಮ್ಮಂದಿರು ಮನೆಯೊಳಗೂ ಮಕ್ಕಳ ಬಾಯಿಗೆ ಇಂಗ್ಲಿಷ್ ತುರುಕುತ್ತಾರೆ. ಕೆಲಸದವಳ ಮಗುವಿನ ಜೊತೆ ಆಡಿದರೆ ಮಾತು ಕೆಡುತ್ತದಂತೆ. "ನಾಳೆ ಪ್ರೊಫೆಷನ್‌ಗೆ ಬೇಕಲ್ಲ?" ಎನ್ನುತ್ತಾರೆ. ಯಾವ ಪ್ರೊಫೆಷನ್ನು, ಮಹರಾಯ್ತಿ? ಮಗಳು ಡಾಕ್ಟರಾದರೆ ಅವಳ ರೋಗಿ, ವಕೀಲಳಾದರೆ ಕಕ್ಷಿಗಾರ, ಬ್ಯಾಂಕು ಸೇರಿದರೆ ಸಾಲಕ್ಕೆ ಬಂದ ಮುದುಕಿ, ಇವರಲ್ಲಿ ಇಂಗ್ಲಿಷಿನಲ್ಲಿ ಕಷ್ಟ ಹೇಳಿಕೊಳ್ಳುವವರು ಎಷ್ಟು ಮಂದಿ?

ಆಸ್ಪತ್ರೆ ನಡೆಸುವವರಿಗೂ ಒಂದು ಮಾತು. ಆಯಾಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಎಷ್ಟನೇ ಕ್ಲಾಸು ಎಂದಷ್ಟೇ ಕೇಳಬೇಡಿ, ಎಷ್ಟು ಭಾಷೆ ಬರುತ್ತದೆ ಎಂದೂ ಕೇಳಿ, ಬರೆದುಕೊಳ್ಳಿ, ಆ ಲೆಕ್ಕಕ್ಕೆ ಸಂಬಳ ಕೊಡಿ.