ಮಣ್ಣಿನಲ್ಲಿ ಮಲಗಿರುವ ಶತ್ರು



ಮೊನ್ನೆ ಕುರುಗೋಡಿನ ಗುಡ್ಡದ ಬಳಿ ಕುರಿಹಿಂಡೊಂದು ಎದುರಾಯಿತು. ಕಾಯುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. "ಒಂದು ಕುರಿ ನಿಂತಲ್ಲೇ ಬಿದ್ದು ಸತ್ತೋತ್ರಿ ಸರ್. ಮೂಗಿನಾಗ ರಕ್ತ ಬಂದಿತ್ತು. ಕೊಯ್ಯಬ್ಯಾಡ್ರಿ ಅಂತ ನೀವು ಹೇಳಿದ್ದು ನೆನಪಾತು. ಡಾಕ್ಟ್ರಿಗೆ ಫೋನ್ ಮಾಡಿದೆ" ಎಂದ. ಪಾಠವೊಂದು ಇಷ್ಟು ವರ್ಷ ಉಳಿದದ್ದಕ್ಕೆ ಸಂತೋಷವಾಯಿತು. ಜೊತೆಗೆ ಹಳೆಯ ನಾಚಿಕೆಯೊಂದೂ ಮರುಕಳಿಸಿತು.

ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಬಳ್ಳಾರಿ ಸೀಮೆಯ ಕುರಿಗಾರರಿಗೆ ಹೊಸದಲ್ಲ. ಇದರ ಬ್ಯಾಕ್ಟೀರಿಯಾ ಮುಚ್ಚಿದ ಕಳೇಬರದೊಳಗೆ ಕೊಳೆತದಿಂದಾಗಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಕತ್ತಿ ತಾಗಿ ರಕ್ತಕ್ಕೆ ಗಾಳಿ ಸೋಕಿದರೆ ಮಾತ್ರ ಅದು ಬೇರೆಯೇ ರೂಪ ತಾಳುತ್ತದೆ. ತನ್ನೊಳಗಿನ ನೀರನ್ನು ಬಹುಮಟ್ಟಿಗೆ ಹೊರಹಾಕಿ, ಜೀವಬೀಜವನ್ನು ಪದರಪದರವಾದ ಕವಚದೊಳಗೆ ಭದ್ರಪಡಿಸಿ, ಬೀಜಾಣುವಾಗಿ ಮಲಗಿಬಿಡುತ್ತದೆ. ಆಗ ಅದಕ್ಕೆ ಆಹಾರ ಬೇಡ, ನೀರು ಬೇಡ. ಬಿಸಿಲೂ ಬರವೂ ಅದನ್ನು ಸುಲಭವಾಗಿ ಕೊಲ್ಲಲಾರವು. ಸುಣ್ಣದಂಶವುಳ್ಳ ಕ್ಷಾರ ಮಣ್ಣಿನಲ್ಲಿ ಅದರ ಬಾಳಿಕೆ ಇನ್ನೂ ಹೆಚ್ಚು. ನಮ್ಮ ಎರೆಭೂಮಿ ಬಹುಪಾಲು ಅಂಥದ್ದೇ. ಮಳೆ ಬಂದು ಹುಲ್ಲು ಚಿಗುರಿದಾಗ, ನೆಲಕ್ಕೆ ಬಾಯಿಟ್ಟು ಮೇಯುವ ಕುರಿಯ ದೇಹದಲ್ಲಿ ಅದು ಮತ್ತೆ ಎಚ್ಚರಗೊಳ್ಳುತ್ತದೆ.

ಈ ತಾಳ್ಮೆಗೆ ಸ್ಕಾಟ್ಲೆಂಡಿನ ಗ್ರಿನಾರ್ಡ್ ದ್ವೀಪವೇ ಸಾಕ್ಷಿ. 1942ರಲ್ಲಿ ಬ್ರಿಟಿಷರು ಅಲ್ಲಿ ಕುರಿಗಳ ಮೇಲೆ ಆಂಥ್ರಾಕ್ಸ್ ಬಾಂಬನ್ನು ಪರೀಕ್ಷಿಸಿದರು. 1986ರಲ್ಲಿ ಸಮುದ್ರದ ನೀರಿಗೆ ಫಾರ್ಮಾಲ್ಡಿಹೈಡ್ ಬೆರೆಸಿ ನೆಲವನ್ನು ತೊಳೆಯಬೇಕಾಯಿತು. ದ್ವೀಪ ಸುರಕ್ಷಿತವೆಂದು ಘೋಷಣೆಯಾದದ್ದು 1990ರಲ್ಲಿ.

ಇದನ್ನೆಲ್ಲ ನಾನು ತರಗತಿಯಲ್ಲಿ ವಿವರಿಸಿದ ದಿನ, "ಹಂಗಾದ್ರ ಆ ಕುರಿ ರೊಕ್ಕ ಯಾರು ಕೊಡ್ತಾರ್ರಿ?" ಎಂದು ಹುಡುಗನೊಬ್ಬ ಕೇಳಿದ. ಎಲ್ಲರೂ ನಕ್ಕರು. ನಾನು ಗದರಿಸಿ ಕೂಡಿಸಿದೆ. ಮೊನ್ನೆ ಎದುರಾದವನು ಅವನೇ.

ಸತ್ತ ಕುರಿಯನ್ನು ಕೊಯ್ಯುವುದು ಅಜ್ಞಾನವೆಂದು ಓದಿದವರು ಹೇಳುವುದುಂಟು. ನಾನು ಒಪ್ಪಲಾರೆ. ಸಾವಿರಾರು ರೂಪಾಯಿಯ ಜೀವ ಕಣ್ಣೆದುರು ಬಿದ್ದಿರುವಾಗ ಮಾಂಸ, ಚರ್ಮವಾದರೂ ದಕ್ಕಲೆಂದು ಬಡವ ಕತ್ತಿ ಹಿಡಿಯುತ್ತಾನೆ. ಆಕಸ್ಮಿಕವಾಗಿ ಸತ್ತ ಕುರಿಗೆ ಪರಿಹಾರ ನೀಡುವ 'ಅನುಗ್ರಹ' ಯೋಜನೆ ನಿಂತುಹೋಗಿ, 2023ರ ಆಯವ್ಯಯದಲ್ಲಿ ಮತ್ತೆ ಘೋಷಣೆಯಾಯಿತು. ಆ ಹಣ ತಡವಿಲ್ಲದೆ ಕೈಸೇರಿದರೆ ಕತ್ತಿ ಒರೆಯಲ್ಲೇ ಉಳಿದೀತು. ತಿಳಿವಳಿಕೆಯ ಜೊತೆಗೆ ಪರಿಹಾರವೂ ರೋಗ ತಡೆಯುವ ಮದ್ದೇ ಎಂಬುದು ನನ್ನ ಅಭಿಪ್ರಾಯ.

ನಿಮ್ಮಲ್ಲಿ ಪಶುಸಂಗೋಪನಾ ಇಲಾಖೆಯಲ್ಲಿರುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಿ. ಊರಲ್ಲಿರುವವರು ವರ್ಷಕ್ಕೊಮ್ಮೆ ಕುರಿಗಳಿಗೆ ಲಸಿಕೆ ಹಾಕಿಸಿ. ಹಠಾತ್ತನೆ ಸತ್ತ ಕುರಿಯನ್ನು ಕೊಯ್ಯದೆ ಪಶುವೈದ್ಯರಿಗೆ ತಿಳಿಸಿ. ಅಂದು ಗದರಿಸಿದ್ದಕ್ಕೆ ಮೊನ್ನೆ ಅವನ ಕ್ಷಮೆ ಕೇಳಿದೆ. "ಇರಲಿ ಬಿಡ್ರಿ ಸರ್" ಎಂದು ನಕ್ಕು ಕುರಿಗಳ ಹಿಂದೆ ನಡೆದ.