ಕರೆದವನ ಹೊಣೆ

ಸಂಸ್ಕೃತಮೂಲದ ‘ಉತ್ತರವಾದಿ’ ಎಂಬ ಪದಕ್ಕೂ ಅಚ್ಚಗನ್ನಡದ ‘ಹೊಣೆಗಾರ’ ಎಂಬ ಪದಕ್ಕೂ ನಾವು ಸಾಮಾನ್ಯವಾಗಿ ಒಂದೇ ಅರ್ಥವನ್ನು ಹೇಳುತ್ತೇವೆ. ಸ್ವಲ್ಪ ವಿಚಾರಿಸಿದರೆ ಇವೆರಡರಲ್ಲಿ ಭೇದವು ಕಂಡುಬರುವುದು. ಕೇಳಿದಾಗ ಉತ್ತರ ಹೇಳತಕ್ಕವನು ಉತ್ತರವಾದಿ. ಮತ್ತೊಬ್ಬನ ಸಾಲಕ್ಕೆ ತಾನು ಜಾಮೀನು ನಿಂತವನು ಹೊಣೆಗಾರ. ಮೊದಲನೆಯವನು ಮಾತಿನಿಂದ ಪಾರಾಗಬಹುದು. ಎರಡನೆಯವನ ಮನೆಯ ಪಾತ್ರೆಪಡಗಗಳೂ ಹೋದಾವು. ಧರ್ಮೋಪದೇಶವನ್ನು ಕೈಕೊಂಡವರು ಈ ಇಬ್ಬರಲ್ಲಿ ಯಾರಂತೆ ಇರತಕ್ಕದ್ದು ಎಂಬುದೇ ಈ ತಿಂಗಳ ವಿಚಾರ.

ಉದಾಹರಣೆಗಾಗಿ ಕ್ರೈಸ್ತ ಧರ್ಮದ ಪ್ರಚಾರಕರನ್ನು ಆರಿಸಿಕೊಂಡಿದ್ದೇನೆ. ಮತಾಂತರದ ವಿಷಯದಲ್ಲಿ ನಮ್ಮ ವಾಚಕರಲ್ಲಿ ಭಿನ್ನಾಭಿಪ್ರಾಯಗಳಿರುವುದು ಸಹಜ. ಅದರ ತೀರ್ಪನ್ನು ಹೇಳುವುದು ಇಲ್ಲಿಯ ಉದ್ದೇಶವಲ್ಲ. “ಬಾ” ಎಂದು ಕರೆಯುವುದು ಸುಲಭ. ಕರೆಯನ್ನು ಕೇಳಿ ಮನೆಮಾರು ಬಿಟ್ಟು ಬಂದವನ ಗತಿಯೇನು? ಈ ಪ್ರಶ್ನೆಯನ್ನು ಯಾವ ಮತದವರೂ ತಪ್ಪಿಸಿಕೊಳ್ಳಲಾರರು.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಹಳೆಯ ಮನೆಗಳ ಮೇಲೆ ಇಂದಿಗೂ ಉಳಿದಿರುವ ಮಂಗಳೂರು ಹೆಂಚನ್ನು ಎಲ್ಲರೂ ಬಲ್ಲರು. ಮಲೆನಾಡಿನ ಮಳೆಗೆ ತಡೆಯಾಗಿ ನಿಂತ ಆ ಕೆಂಪು ಹೆಂಚಿನ ಹಿಂದೆ ಈ ಪ್ರಶ್ನೆಯೇ ಇದೆಯೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಉಪದೇಶವನ್ನು ಸ್ವೀಕರಿಸಿದವನು ಆ ದಿನವೇ ಜಾತಿಯಿಂದ ಹೊರಗಾಗುತ್ತಿದ್ದನು. ಮನೆ ತಪ್ಪಿತು, ಗೇಣಿಯ ಭೂಮಿ ತಪ್ಪಿತು, ಕುಲಕಸುಬು ತಪ್ಪಿತು. ಶೇಂದಿ ಇಳಿಸುತ್ತಿದ್ದವನಿಗಾದರೋ ಆ ಕಸುಬನ್ನು ಬಿಡಬೇಕೆಂದು ಸಭೆಯೇ ವಿಧಿಸುತ್ತಿತ್ತು. ಭಾನುವಾರದ ಪ್ರಾರ್ಥನೆಯಿಂದ ಸೋಮವಾರದ ಗಂಜಿ ಬೇಯದು. ಆದುದರಿಂದ ಉಪದೇಶಕರು ಉದ್ಯಮಕ್ಕೆ ಕೈಹಾಕಬೇಕಾಯಿತು. 1851ರಲ್ಲಿ ಹಾಲರ್ ಎಂಬವರು ಮಂಗಳೂರಿನಲ್ಲಿ ನೇಯ್ಗೆಯ ಕೆಲಸವನ್ನು ವ್ಯವಸ್ಥೆಗೊಳಿಸಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಬೋಧಿಸಲು ಬಂದವರು ಜೇಡಿಮಣ್ಣಿನ ಗುಣದೋಷಗಳನ್ನು ಕಲಿತುದು ಬಂದವರ ಹೊಟ್ಟೆಯ ಹೊಣೆಯಿಂದ.

ಆದರೆ ಕಾರ್ಖಾನೆಯು ಸಂಸ್ಥೆಯ ಕೆಲಸ. ಸಂಸ್ಥೆಯು ಕೈಚಾಚದ ಕಡೆಯಲ್ಲಿ ಒಬ್ಬೊಬ್ಬ ಮನುಷ್ಯನು ಏನು ಮಾಡುವನೆಂಬುದರಲ್ಲಿ ಹೊಣೆಯ ನಿಜವಾದ ಪರೀಕ್ಷೆಯಿದೆ. ಇದಕ್ಕೆ ಹರ್ಮನ್ ಮೊಗ್ಲಿಂಗರ ಚರಿತ್ರೆಯು ಒಳ್ಳೆಯ ನಿದರ್ಶನ. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿ 1836ರಲ್ಲಿ ಮಂಗಳೂರಿಗೆ ಬಂದ ಇವರನ್ನು, ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರಡಿಸಿದವರೆಂದು ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಓದುತ್ತಾರೆ. ಅದರ ಮರುವರ್ಷ, 1844ರಲ್ಲಿ, ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ತರುಣನು ಇವರ ಬಳಿಯಲ್ಲಿ ಕ್ರೈಸ್ತನಾದನು. ಬಂಧುಬಳಗದ ಸಂಬಂಧವು ಕಡಿದುಹೋದ ಆ ತರುಣನಿಗೆ ಮೊಗ್ಲಿಂಗರು ತಂದೆಯ ಸ್ಥಾನದಲ್ಲಿ ನಿಂತರು. ಅವನು ತನ್ನ ಹೆಸರಿನ ಮುಂದೆ ಅವರ ‘ಹರ್ಮನ್’ ಎಂಬ ಹೆಸರನ್ನು ಧರಿಸಿದನು. ಬಾಸೆಲಿಗೆ ಹೋಗಿ ವ್ಯಾಸಂಗ ಮಾಡಿ, 1851ರಲ್ಲಿ ದೀಕ್ಷೆ ಪಡೆದು, ಪಾದ್ರಿಯಾಗಿ ಸ್ವದೇಶಕ್ಕೆ ಮರಳಿದನು.

1852ರ ಕೊನೆಯಲ್ಲಿ ಮೊಗ್ಲಿಂಗರು ಸ್ವದೇಶಕ್ಕೆ ಹಿಂದಿರುಗುವ ಯೋಚನೆಯಲ್ಲಿದ್ದರು. ಆಗ ಕೊಡಗಿನ ಸೋಮಯ್ಯನೆಂಬವನು ಅವರನ್ನು ಹುಡುಕಿಕೊಂಡು ಬಂದನು. ಅವನು ದೀಕ್ಷೆ ಪಡೆದು ಸ್ತೆಫಾನನೆಂಬ ಹೆಸರನ್ನು ತಳೆದನು. ಇಲ್ಲಿಗೆ ಕೆಲಸವಾಯಿತೆಂದು ಹಡಗು ಹತ್ತಿದ್ದರೆ ಮೊಗ್ಲಿಂಗರನ್ನು ದೂರುವವರು ಯಾರೂ ಇರುತ್ತಿರಲಿಲ್ಲ. ಕೊಡಗಿನಲ್ಲಿ ಅಂದು ಬಾಸೆಲ್ ಮಿಶನ್ನಿನ ಠಾಣ್ಯವಿರಲಿಲ್ಲ. ಅಲ್ಲಿಗೆ ಹೋಗೆಂದು ಅವರಿಗೆ ಅಪ್ಪಣೆಯೂ ಇರಲಿಲ್ಲ. ಆದರೆ ದೀಕ್ಷೆ ಪಡೆದವನು ತನ್ನ ಊರಿಗೆ ಒಂಟಿಯಾಗಿ ಮರಳಬೇಕಾಗಿತ್ತು. ಅವನನ್ನು ಒಂಟಿಯಾಗಿ ಕಳುಹಿಸಲಾರದೆ ಮೊಗ್ಲಿಂಗರು 1853ರಲ್ಲಿ, ಸಮಿತಿಯ ಬಲವನ್ನು ನೆಚ್ಚದೆ, ಸ್ವಂತ ಹೊಣೆಯ ಮೇಲೆ ಅವನೊಡನೆ ಘಟ್ಟವನ್ನು ಹತ್ತಿದರು. ನಲವತ್ತು ದಾಟಿದ, ದೇಹಸ್ಥಿತಿ ಚೆನ್ನಾಗಿಲ್ಲದ ಮನುಷ್ಯನು ಊರಿಗೆ ಹೋಗುವ ದಾರಿಯನ್ನು ಬಿಟ್ಟು ಕಾಡಿನ ದಾರಿಯನ್ನು ಹಿಡಿದುದು ಒಬ್ಬನ ಸಲುವಾಗಿ. ಲೆಕ್ಕದ ಪುಸ್ತಕದಲ್ಲಿ ಒಂದು ಎಂಬುದು ಅಲ್ಪ ಸಂಖ್ಯೆ. ಹೊಣೆಯಲ್ಲಿ ಅದು ಪೂರ್ಣ ಸಂಖ್ಯೆ.

ಕೊಡಗಿನಲ್ಲಿ ಇನ್ನೂ ಭಾರವಾದ ಪ್ರಶ್ನೆಯು ಎದುರಾಯಿತು. ಒಡೆಯರ ಗದ್ದೆಗಳಲ್ಲಿ ತಲತಲಾಂತರದಿಂದ ಜೀತಕ್ಕಿದ್ದ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಜನರಲ್ಲಿ ಕೆಲವು ಕುಟುಂಬಗಳು ಉಪದೇಶವನ್ನು ಕೇಳಲು ಬಂದವು. ಒಡೆಯನ ಗದ್ದೆಯನ್ನು ಬಿಟ್ಟರೆ ಅವರಿಗೆ ಕಾಲೂರಲು ನೆಲವಿರಲಿಲ್ಲ. ಆಗ ಮುಂದೆ ಬಂದವರು ಅದೇ ಆನಂದರಾವ್ ಕೌಂಡಿನ್ಯರು. ತಮ್ಮ ಸ್ವಂತ ದ್ರವ್ಯವನ್ನು ತೊಡಗಿಸಿ ಅಮ್ಮತ್ತಿಯ ಹತ್ತಿರ ಕಾಫಿಯ ತೋಟವನ್ನೆಬ್ಬಿಸಿ, ಆ ಕುಟುಂಬಗಳಿಗೆ ಅಲ್ಲಿ ಮನೆಯನ್ನೂ ಕೂಲಿಯನ್ನೂ ಕಲ್ಪಿಸಿದರು. ಅವರ ಹೆಸರಿನಿಂದಲೇ ಆ ಸ್ಥಳಕ್ಕೆ ಆನಂದಪುರವೆಂದು ಹೆಸರಾಯಿತು.

ಕಾಫಿಯ ಸೀಮೆಯವರಾದ ನಮಗೆ ಈ ಕೆಲಸದ ಭಾರವು ಬೇಗನೆ ತಿಳಿಯುವುದು. ಕಾಡನ್ನು ಸವರಿ, ನೆರಳಿನ ಮರಗಳನ್ನು ಉಳಿಸಿ, ಗುಂಡಿ ತೋಡಿ ಸಸಿ ನೆಟ್ಟ ಮೇಲೆ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಗಿಡವು ಕಾಯುವುದು, ಹಸಿವು ಕಾಯದು. ಆ ವರ್ಷಗಳ ಅಕ್ಕಿ, ಕಂಬಳಿ, ಜ್ವರದ ಔಷಧ ಎಲ್ಲವೂ ಕೈಯಿಂದ ಹೋಗತಕ್ಕವು. ಫಸಲು ಬಂದರೂ ಬೆಲೆ ಬಂದೀತೆಂಬ ಭರವಸೆಯಿಲ್ಲ. ಇಂತಹ ಬೆಳೆಯಲ್ಲಿ ಪರರ ಬದುಕನ್ನು ನೆಲೆಗೊಳಿಸಲು ಹೊರಟವನು ಹೊಣೆ ಎಂಬ ಪದದ ಅಚ್ಚಗನ್ನಡ ಅರ್ಥವನ್ನು ಬಲ್ಲವನೇ ಸರಿ. ಹುಟ್ಟಿನಿಂದ ಯಾರನ್ನು ಮುಟ್ಟಲಾಗದೆಂದು ಕಲಿತಿದ್ದರೋ ಅವರಿಗಾಗಿ ಈ ಬ್ರಾಹ್ಮಣಕುಲಜಾತರು ಗಂಟನ್ನು ಬಿಚ್ಚಿದರೆಂಬುದನ್ನು ಮರೆಯಲಾಗದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಉಪದೇಶಿಸುವವನೇ ಕೂಲಿ ಕೊಡುವವನಾದರೆ, ಕೇಳುವವನು ಒಪ್ಪಿದುದು ದೇವರನ್ನೋ ಧಣಿಯನ್ನೋ ಎಂಬ ಸಂದೇಹವು ಹುಟ್ಟುವುದು. ಪಾದ್ರಿಯೇ ಎಲ್ಲವನ್ನೂ ನೋಡಿಕೊಳ್ಳುವನೆಂದು ಸಭೆಯವರು ಕೈಕಟ್ಟಿ ಕುಳಿತರೆ, ಹೊತ್ತವನ ಬೆನ್ನು ಬಾಗುವುದಲ್ಲದೆ ಕುಳಿತವನ ಕಾಲೂ ಸೋಲುವುದು. ಕೂಸನ್ನು ಎತ್ತಿಕೊಳ್ಳುವುದು ತಾಯಿಯ ಧರ್ಮ. ಸಕಾಲದಲ್ಲಿ ನೆಲಕ್ಕೆ ಬಿಡುವುದೂ ತಾಯಿಯ ಧರ್ಮ.

ಕರಾವಳಿಯ ಸಭೆಗಳಿಗೆ ಈ ಪಾಠವು ಕಷ್ಟಕಾಲದಲ್ಲಿ ದೊರೆಯಿತು. 1914ರಲ್ಲಿ ಯುರೋಪಿನ ಮಹಾಯುದ್ಧವು ಆರಂಭವಾದಾಗ, ಬ್ರಿಟಿಷ್ ಸರಕಾರವು ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಶತ್ರುದೇಶದವರೆಂದು ನಿರ್ಬಂಧದಲ್ಲಿಟ್ಟು ಬಳಿಕ ದೇಶದಿಂದ ಹೊರಗೆ ಕಳುಹಿಸಿತು. ಕಾರ್ಖಾನೆಗಳೂ ಮಿಶನ್ನಿನ ಕೈತಪ್ಪಿದವು. ಎಂಬತ್ತು ವರ್ಷಗಳಿಂದ ನೆಚ್ಚಿದ್ದ ಕೈಯು ಒಮ್ಮೆಲೇ ಇಲ್ಲವಾಯಿತು. ಆ ಕಾಲದಲ್ಲಿ ರೋಗಿಗಳನ್ನು ನೋಡಿದವರು, ಸತ್ತವರನ್ನು ಮಣ್ಣುಮಾಡಿದವರು, ಶಾಲೆಯ ಬಾಗಿಲನ್ನು ತೆರೆದವರು ಯಾರು? ಅದುವರೆಗೆ ಸಹಾಯಕರೆನಿಸಿದ್ದ ಈ ನೆಲದ ಬೋಧಕರೂ ಉಪಾಧ್ಯಾಯರೂ ಸಭೆಯ ಹಿರಿಯರೂ ಅಲ್ಲವೆ! ಕರೆಸಿಕೊಂಡವರು ಅಂದು ತಾವೇ ಹೊಣೆಗಾರರಾದರು. ಹಿಂದಿನವರ ಶ್ರಮವು ವ್ಯರ್ಥವಾಗಲಿಲ್ಲವೆಂಬುದಕ್ಕೆ ಹೆಂಚಿಗಿಂತಲೂ ಇದೇ ದೊಡ್ಡ ಸಾಕ್ಷಿ.

ಈ ಚರಿತ್ರೆಯಿಂದ ಕ್ರೈಸ್ತ ವಾಚಕರು ಗ್ರಹಿಸತಕ್ಕದ್ದು ಸ್ಪಷ್ಟವಾಗಿದೆ. ಸುವಾರ್ತೆಯನ್ನು ಸಾರುವುದು ಪಾದ್ರಿಯ ಸಂಬಳದ ಕೆಲಸವೆಂದು ತಿಳಿದು ಕಾಣಿಕೆ ಹಾಕಿ ಮನೆಗೆ ಹೋಗುವವನು ತನ್ನ ಪಾಲನ್ನು ಸಲ್ಲಿಸಿದವನಲ್ಲ. ತೋಟದ ಲೈನಿನಲ್ಲಿ ಜ್ವರದಿಂದ ಮಲಗಿದವನ ಬಳಿಗೆ ಹೋಗಲು ಯಾವ ದೀಕ್ಷೆಯೂ ಬೇಕಾಗಿಲ್ಲ. ತನ್ನ ಹೆಸರಿನಿಂದ, ತನ್ನ ಕಾಲಿನಿಂದ, ತನ್ನ ಖರ್ಚಿನಿಂದ ಒಬ್ಬನನ್ನಾದರೂ ನೋಡಿಕೊಂಡವನ ಮಾತಿಗೆ ಮಾತ್ರ ತೂಕವುಂಟು.

ಉಳಿದ ನಾವೂ ಕೈತೊಳೆದುಕೊಳ್ಳುವಂತಿಲ್ಲ. ಪ್ರತಿಯೊಂದು ಮನೆಯಲ್ಲಿಯೂ ಉಪದೇಶವು ನಡೆಯುತ್ತಲೇ ಇರುವುದು. ಕೂಲಿಯವನಿಗೆ ಕುಡಿತವನ್ನು ಬಿಡೆನ್ನುತ್ತೇವೆ. ಬಿಟ್ಟವನು ಸಂಜೆಯಲ್ಲಿ ಎಲ್ಲಿ ಕುಳಿತುಕೊಳ್ಳುವನೆಂದು ವಿಚಾರಿಸುವುದಿಲ್ಲ. ಅಸ್ಸಾಮು ಮೊದಲಾದ ದೂರದೇಶಗಳಿಂದ ಇಂದು ನಮ್ಮ ತೋಟಗಳಿಗೆ ಬರುವ ಕುಟುಂಬಗಳಿಗೆ ಮಕ್ಕಳನ್ನು ಶಾಲೆಗೆ ಕಳುಹಿಸಿರೆಂದು ಬುದ್ಧಿ ಹೇಳುತ್ತೇವೆ. ಕನ್ನಡವನ್ನರಿಯದ ಆ ಮಗುವಿನ ಕೈಹಿಡಿದು ಮೊದಲ ದಿನ ಶಾಲೆಯವರೆಗೆ ಹೋಗುವವರು ಎಷ್ಟು ಜನ? ವಿಧವೆಗೆ ಧೈರ್ಯ ಹೇಳುವೆವು. ಅವಳ ಅರ್ಜಿಯನ್ನು ಬರೆದುಕೊಡಲು ಪುರಸತ್ತಿಲ್ಲ.

ಬುದ್ಧಿವಾದಕ್ಕೆ ಬೆಲೆಯಿಲ್ಲವೆಂದು ಹಿರಿಯರು ಹಲವರು ಕೊರಗುವುದುಂಟು. ಬೆಲೆ ಕೊಡದೆ ಹೇಳಿದ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಆದುದರಿಂದ, ವಾಚಕ ಮಹಾಶಯರೆ, ಈ ತಿಂಗಳಲ್ಲಿ ಯಾರಿಗಾದರೂ “ಹೀಗೆ ಮಾಡು” ಎಂದು ಹೇಳುವ ಮೊದಲು, ಅವನು ಹಾಗೆಯೇ ಮಾಡಿ ನಾಳೆ ನಮ್ಮ ಜಗಲಿಯ ಮುಂದೆ ಬಂದು ನಿಂತರೆ ನಾವೇನು ಕೊಡಬಲ್ಲೆವೆಂದು ಯೋಚಿಸೋಣ. ಕೊಡಲು ಸಿದ್ಧರಾಗಿದ್ದರೆ ಮಾತನಾಡೋಣ. ಇಲ್ಲವಾದರೆ ಮೊದಲು ಕೊಡುವುದನ್ನು ಕಲಿಯೋಣ.